ಅಪ್ಪ ಕಳೆದುಹೋದ ಸಮ್ಮೇಳನ

ಆ ಸಭಾಭವನದ ಒಳಗೆ ಹೋದರೆ ಹೊರಗೆ ಬಿಸಿಲಿದೆಯೋ ಮೋಡ ಕವಿದಿದೆಯೋ ಗೊತ್ತಾಗುವುದಿಲ್ಲ. ಸೋಲಾಪುರದ ಹೊರಗೆ, ಮೊನ್ನೆ ಮೊನ್ನೆಯವರೆಗೂ ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಎದ್ದ ಕಟ್ಟಡ ಅದು. ಮುಂಭಾಗಕ್ಕೆಲ್ಲ ಗಾಜು ಹೊದಿಸಿದ್ದಾರೆ, ಒಳಗೆ ಒಂದು ಕಿಟಕಿಯೂ ಇಲ್ಲ. ಅಷ್ಟು ದುಡ್ಡು ಸುರಿದವರಿಗೆ ನಾಲ್ಕು ಕಿಟಕಿ ಇಡಲು ಏನು ಧಾಡಿಯಾಗಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಾಲಾ ಸಮವಸ್ತ್ರದ ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳುತ್ತೇನೆ. ಸಮವಸ್ತ್ರ ತಯಾರಕರ ಸಮ್ಮೇಳನ ನಮ್ಮೂರಲ್ಲೇ ನಡೆಯುತ್ತದೆ, ಬಟ್ಟೆ ಹಾಳಾಗದಂತೆ ಕತ್ತರಿಸುವುದು ಹೇಗೆಂದು ನೀವೇ ಐದು ನಿಮಿಷ ಮಾತಾಡಿ ಎಂದು ಮಾಲೀಕರು ಹೇಳಿದರು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೈಂದರ್ಗಿ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿರುವ ಅಪ್ಪ ಅವ್ವನಿಗೆ ಫೋನು ಹಚ್ಚಿ, ಬರಲೇಬೇಕು ಎಂದು ಹಟ ಹಿಡಿದೆ.

"ನಾ ಬಂದು ಏನ್ ಮಾಡ್ಲೆವಾ? ಕುರಿ ಯಾರ್ ನೋಡ್ತಾರ?" ಅಂದ ಅಪ್ಪ.

"ಒಂದಿನ ಕಾಕಾ ನೋಡ್ತಾನ. ನೀ ಬಾ," ಅಂದೆ.

ಮೈಕಿನ ಮುಂದೆ ನಿಂತ ನನ್ನನ್ನು ಅಪ್ಪ ನೋಡಬೇಕು ಎಂಬುದಷ್ಟೇ ನನ್ನ ಆಸೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಕಾರಣ ಈ ಆಸೆಯೇ.

ಅಪ್ಪನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ ಆಗಬೇಕು, ಸೂಜಿಯಾದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಎರಡು ವರ್ಷದ ಹಿಂದೆ ಒಮ್ಮೆ ಸೂಜಿ ತೆಗೆದುಕೊಂಡು, ಕುರಿಯ ಕಾಲಿಗೆ ಏನೋ ಆಗಿದೆಯೆಂದು ಊಟ ಬಿಟ್ಟು ಹೋದವನು ಬಾವಿಯ ಕಟ್ಟೆ ಮೇಲೆ ಸಿಕ್ಕಿದ್ದ. ಮೈಯೆಲ್ಲ ಬೆವರು. ನನ್ನ ಮುಖ ನೋಡಿ, "ಯಾರವಾ ನೀ?" ಎಂದು ಕೇಳಿದ್ದ. ಅವನ ಬಾಯಿಗೆ ಬೆಲ್ಲ ತುರುಕಿ ಅಕ್ಕಲಕೋಟೆಗೆ ಒಯ್ದಾಗ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಎಚ್ಚರ ತಪ್ಪಿ ಹಾಗೇ ಹೋಗಿಬಿಡುತ್ತಿದ್ದರು ಎಂದರು. ಆ ಮಾತು ನನ್ನ ಎದೆಯೊಳಗೆ ಕೂತುಬಿಟ್ಟಿದೆ.

ಇಷ್ಟೆಲ್ಲ ಗೊತ್ತಿದ್ದೂ ಆ ದಿನ ನಾನೇ ಸೂಜಿ ಹಾಕಿದೆ. ಅಪ್ಪ ಅವ್ವ ಇಬ್ಬರೂ ಬೆಳಗಿನ ಬಸ್ಸಿಗೆ ಬಂದಿದ್ದರು. ಸಭಾಭವನದ ಬಾಗಿಲಲ್ಲಿ ಹೆಸರು ಬರೆಸಿ, ಕೊರಳಿಗೆ ಪ್ರವೇಶದ ಪಟ್ಟಿ ಹಾಕಿಸಿಕೊಂಡು ಒಳಗೆ ಬರುವಷ್ಟರಲ್ಲಿ ಒಂಬತ್ತೂಕಾಲು. ನಾಷ್ಟಾ ತಯಾರಿದೆ ಎಂದು ಯಾರೋ ಅಂದರು. ಮೂಲೆಯ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿ ಹೊಟ್ಟೆಗೆ ಸೂಜಿ ಹಾಕಿ ಊಟದ ಹಾಲಿಗೆ ಕರೆದೊಯ್ದರೆ ಅಲ್ಲಿ ಹನುಮಂತನ ಬಾಲದಂಥ ಸಾಲು. ಉಪ್ಪಿಟ್ಟು ಇನ್ನೂ ಒಲೆಯ ಮೇಲಿತ್ತು.

"ನಾ ಇಲ್ಲೇ ಮೂತ್ರಕ್ಕ ಹೋಗಿ ಬರ್ತೀನಿ," ಅಂದ ಅಪ್ಪ. ಎದುರಿಗೇ ಬಾಗಿಲು ಕಾಣುತ್ತಿತ್ತು. ಹೋಗು ಅಂದೆ. ಸಾಲು ತಪ್ಪಿದರೆ ಮತ್ತೆ ಹಿಂದೆ ನಿಲ್ಲಬೇಕೆಂದು ನಾನು ಜೊತೆಗೆ ಹೋಗಲಿಲ್ಲ. ಒಂದು ತಟ್ಟೆ ಉಪ್ಪಿಟ್ಟಿಗೋಸ್ಕರ!

ಹತ್ತು ನಿಮಿಷವಾಯಿತು, ಬರಲಿಲ್ಲ. ಗಂಡಸರ ಶೌಚಾಲಯದ ಬಾಗಿಲಲ್ಲಿ ನಿಂತು ಒಳಗಿಂದ ಬಂದವರೊಬ್ಬರನ್ನು ಕೇಳಿದೆ. "ಒಳಗ ಯಾರೂ ಇಲ್ರಿ ಅಕ್ಕಾರ," ಎಂದರು. ಆಮೇಲೆ ನೋಡುತ್ತೇನೆ, ಆ ಶೌಚಾಲಯಕ್ಕೆ ಎರಡು ಬಾಗಿಲು. ಒಂದರಲ್ಲಿ ಹೋದವನು ಇನ್ನೊಂದರಲ್ಲಿ ಹೊರಬಿದ್ದರೆ ಬೇರೆಯೇ ಓಣಿ.

ಅಪ್ಪನ ಫೋನು ಅವ್ವನ ಚೀಲದಲ್ಲಿತ್ತು. ಆಧಾರ್ ಕಾರ್ಡು ಮಾತ್ರ ಅವನ ಜೇಬಿನಲ್ಲಿ. ಅವ್ವನನ್ನು ಊಟದ ಹಾಲಿನ ಪಕ್ಕದ ವಿಚಾರಣೆ ಕೌಂಟರಿಗೆ ಕರೆದೊಯ್ದು, "ಅಪ್ಪ ಕಾಣವಲ್ಲ ಅಂತ ಮೈಕಿನಾಗ ಕೂಗಿಸು. ನಾ ಹುಡುಕತೀನಿ. ಇಲ್ಲಿಂದ ಅಲುಗಬ್ಯಾಡ," ಎಂದು ಹೇಳಿ ಓಡಿದೆ.

ಓಡಿದೆ ಅನ್ನುವುದು ಸುಲಭ. ಯಾವ ಕಡೆ? ಓಣಿಯಿಂದ ಓಣಿ, ಎಲ್ಲ ಓಣಿಗೂ ಒಂದೇ ನೀಲಿ ನೆಲಹಾಸು, ಒಂದೇ ಬಿಳಿ ಗೋಡೆ. ಗೋಡೆಗೆ ಹಾಕಿದ ದೊಡ್ಡ ನಕ್ಷೆಯಲ್ಲಿ 'ನೀವು ಇಲ್ಲಿದ್ದೀರಿ' ಎಂದು ಕೆಂಪು ಚುಕ್ಕೆ ಇತ್ತು. ನಾನು ಎಲ್ಲಿದ್ದೇನೆಂದು ತಿಳಿದು ನನಗೇನಾಗಬೇಕು? ಎರಡನೇ ಹಾಲು ಎಂದು ಬಾಣ ತೋರಿಸಿದ ಕಡೆ ಹೋದರೆ ನಾಲ್ಕನೇ ಹಾಲು ಬಂತು. ಅಲ್ಲಿಂದ ಎಡಕ್ಕೆ ತಿರುಗಿದರೆ ಮತ್ತೆ ಅದೇ ನಕ್ಷೆ, ಅದೇ ಕೆಂಪು ಚುಕ್ಕೆ. ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿಸುವುದರಲ್ಲಿ ಕೂದಲೆಳೆಯಷ್ಟು ತಪ್ಪದ ನನಗೆ ಬಲ ಯಾವುದು ಎಡ ಯಾವುದು ತಿಳಿಯದಾಯಿತು.

ಅಪ್ಪನ ಹಾಗೆ ತಲೆಗೆ ಬಿಳಿ ಪಟಗ ಸುತ್ತಿದವರು ಒಬ್ಬರು ಮೂರನೇ ಹಾಲಿನ ತುದಿಯಲ್ಲಿ ಬೆನ್ನು ತೋರಿಸಿ ನಿಂತಿದ್ದರು. "ಅಪ್ಪಾ!" ಎಂದು ಓಡಿಹೋಗಿ ತೋಳು ಹಿಡಿದೆ. ತಿರುಗಿದರೆ ಮಂಗಳವೇಢೆ ಕಡೆಯ ಯಾರೋ ವ್ಯಾಪಾರಿ. ತಪ್ಪಾಯಿತೆಂದೂ ಹೇಳದೆ ತೋಳು ಬಿಟ್ಟು ಮುಂದೆ ಓಡಿದೆ. ಕೈಗಡಿಯಾರದಲ್ಲಿ ಹತ್ತು ಗಂಟೆ. ಸೂಜಿ ಹಾಕಿ ಮುಕ್ಕಾಲು ಗಂಟೆ.

ಬಾಗಿಲಲ್ಲಿ ನಿಂತಿದ್ದ ಕಾವಲುಗಾರನಿಗೆ ಹೇಳಿದೆ. ಅವನು ಗಾಬರಿಯಾಗುವುದಿರಲಿ, ರೆಪ್ಪೆಯನ್ನೂ ಮಿಟುಕಿಸಲಿಲ್ಲ. "ಮುದುಕರು ಎಲ್ಲಿ ಹೋಗ್ತಾರ್ರಿ ಅಕ್ಕಾರ? ಇಲ್ಲೇ ಎಲ್ಲೋ ಕುಂತಿರ್ತಾರ," ಅಂದ. ಇಲ್ಲೇ ಎಲ್ಲೋ ಕೂತಿರುತ್ತಾರೆ ಎಂಬುದೇ ನನ್ನ ಹೆದರಿಕೆ ಎಂದು ಅವನಿಗೆ ಹೇಗೆ ಹೇಳಲಿ? ಕೂತ ಮುದುಕನನ್ನು ಯಾರೂ ತಿರುಗಿ ನೋಡುವುದಿಲ್ಲ. ಪ್ರಯಾಣದ ದಣಿವು, ನಿದ್ದೆ ಹೋಗಿದ್ದಾರೆ ಪಾಪ ಎಂದು ದಾಟಿ ಹೋಗುತ್ತಾರೆ.

ಅಷ್ಟರಲ್ಲಿ ತಲೆಯ ಮೇಲಿನ ಧ್ವನಿವರ್ಧಕ ಮರಾಠಿಯಲ್ಲಿ ನನ್ನ ಹೆಸರು ಕೂಗಿತು. ಗದ್ದಲದಲ್ಲಿ ಹೆಸರಷ್ಟೇ ಕೇಳಿಸಿತು. ಭಾಷಣಕ್ಕೆ ಕರೆಯುತ್ತಿದ್ದಾರೆ, ಹಾಳಾಗಿ ಹೋಗಲಿ ಭಾಷಣ ಎಂದುಕೊಂಡು ಮೇಲಿನ ಅಂತಸ್ತಿಗೆ ಹತ್ತಿದೆ. ಮತ್ತೊಮ್ಮೆ ಕೂಗಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪನ ಹೆಸರು ಯಾಕೆ ಕೂಗುತ್ತಿಲ್ಲ ಎಂದು ಮಾತ್ರ ಸಿಟ್ಟು ಬರುತ್ತಿತ್ತು. ಮೂರನೇ ಸಲ ನನ್ನ ಹೆಸರು ಬಂದಾಗ ಸಿಟ್ಟು ನೆತ್ತಿಗೇರಿ ಕೌಂಟರಿಗೆ ಇಳಿದು ಬಂದೆ.

ಕೌಂಟರಿನ ಹುಡುಗಿ ಅಳುವುದೊಂದು ಬಾಕಿ. "ನಾವ ಸಾಂಗಾ ನಾ ಮಾವಶಿ," ಎಂದು ಮರಾಠಿಯಲ್ಲಿ ಅವ್ವನನ್ನು ಬೇಡಿಕೊಳ್ಳುತ್ತಿದ್ದಳು. ಅವ್ವ ಕಂಬ ಹಿಡಿದು ನಿಂತಿದ್ದಳು. ಹೆಸರು ಹೇಳಿ ಎಂದು ಅರ್ಧ ಗಂಟೆಯಿಂದ ಆ ಹುಡುಗಿ ಕೇಳುತ್ತಿದ್ದಾಳೆ, ಅವ್ವ ಅಪ್ಪನ ಹೆಸರು ಹೇಳಿಲ್ಲ! ಬದಲಿಗೆ ನನ್ನ ಹೆಸರು ಹೇಳಿ, ಇವಳ ಅಪ್ಪ ಎಂದಿದ್ದಾಳೆ. ಆ ಹುಡುಗಿ ಕಂಗೆಟ್ಟು ನನ್ನನ್ನೇ ಕೌಂಟರಿಗೆ ಬಾ ಎಂದು ಕೂಗಿದ್ದಾಳೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಂದ ಆಡುವುದಿಲ್ಲ. ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದಾರೆ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಉಳಿದವರು ಬಿಡದೆ ಕಾಡಿದಾಗ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ಅಡಗಿಸಿ ಹೇಳಿ ಸೆರಗು ಮುಚ್ಚಿಕೊಂಡು ನಗುತ್ತಾರೆ, ಅಷ್ಟೇ. ಇದೆಲ್ಲ ಗೊತ್ತಿದ್ದ ನಾನು ಅವ್ವನಿಗೇ ಆ ಕೆಲಸ ವಹಿಸಿ ಓಡಿದ್ದೆ. ಆದರೂ ತಪ್ಪು ಅವಳದೇ ಎಂಬಂತೆ ಕೂಗಾಡಿದೆ.

"ಅಲ್ಲಿ ಅಪ್ಪನ ಜೀವ ಹೋಗಾಕತ್ತೈತಿ, ಇಲ್ಲಿ ನಿನಗ ಹೆಸರು ದೊಡ್ಡದಾತೇನು?"

ಅವ್ವ ಕಂಬ ಬಿಡಲಿಲ್ಲ. "ಇಂಥಾ ಹೊತ್ತಿನಾಗ ಅವರ ಹೆಸರು ಹ್ಯಾಂಗ ಹಿಡೀಲೆ? ಮೊದಲ ಅವರ ಜೀವಕ್ಕ ಬಂದೈತಿ," ಅಂದಳು.

ನನ್ನಷ್ಟೇ ಅವಳೂ ಹೆದರಿದ್ದಳು. ನನ್ನ ಹೆದರಿಕೆ ನನ್ನನ್ನು ಓಡಿಸಿತ್ತು, ಅವಳದು ಬಾಯಿ ಕಟ್ಟಿಹಾಕಿತ್ತು. ಆದರೆ ಆಗ ಅದನ್ನು ಯೋಚಿಸುವಷ್ಟು ನನಗೆ ಬುದ್ಧಿ ಇರಲಿಲ್ಲ. ಅಪ್ಪನ ಹೆಸರು, ಅಡ್ಡಹೆಸರು, ಊರು ಎಲ್ಲ ಚೀಟಿಯಲ್ಲಿ ಬರೆದು ಹುಡುಗಿಯ ಮುಂದೆ ಒಗೆದೆ. ಅವಳು ಮೂರು ಸಲ ಓದಿದಳು. ಅಡ್ಡಹೆಸರು ಮೊದಲು, ಹೆಸರು ಆಮೇಲೆ, ಥೇಟ್ ಕೋರ್ಟಿನಲ್ಲಿ ಕೂಗಿದ ಹಾಗೆ. ಯಾರೂ ಬರಲಿಲ್ಲ. ಮೈಕು ಕಸಿದುಕೊಂಡು ನಾನೇ ಕನ್ನಡದಲ್ಲಿ, "ಅಪ್ಪಾ, ಎಲ್ಲಿದ್ದೀ? ಅಲ್ಲೇ ಇದ್ದವರಿಗೆ ಸಕ್ಕರಿ ಕೊಡ್ರಿ ಅನ್ನು," ಎಂದೆ. ಆ ಭವನದಲ್ಲಿ ಯಾರಿಗೆ ತಾನೆ ಅವನು ಅಪ್ಪ ಎಂದು ಗೊತ್ತು? ಗಡಿಯಾರ ಹತ್ತೂವರೆ ದಾಟಿತು. ಒಂದು ನಿಮಿಷ ಕಾದೆವು. ಎರಡು ನಿಮಿಷ. ಬಾವಿಕಟ್ಟೆಯ ಮೇಲೆ "ಯಾರವಾ ನೀ?" ಅಂದಿದ್ದ ಆ ಮುಖ ಕಣ್ಣೆದುರು ಬಂತು. ಈ ಸಲ ಅಷ್ಟನ್ನು ಕೇಳುವ ಶಕ್ತಿಯೂ ಅವನಿಗೆ ಉಳಿದಿರಲಿಕ್ಕಿಲ್ಲ ಅನ್ನಿಸಿತು. ನಾನು ಮೈಕು ಹಿಡಿದುಕೊಂಡೇ ನೆಲಕ್ಕೆ ಕೂತೆ.

ಅವ್ವ ಬಗ್ಗಿ ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

ಒಡಪು ಹೇಳಲು ನೋಡಿದಳು. ಒಂದು ಸಾಲು ಶುರು ಮಾಡಿದಳು, ಮುಂದಿನದು ಮರೆತುಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿ ಅಲ್ಲಿಗೇ ಬಿಟ್ಟಳು. ಕೌಂಟರಿನ ಸುತ್ತ ನಿಂತವರು ನೋಡುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಂಡು ಅಪ್ಪನ ಹೆಸರು ಕರೆದಳು. ಹಿಂದೆ ಮುಂದೆ ಏನೂ ಇಲ್ಲ, ಪ್ರಾಸವಿಲ್ಲ, ಬರೀ ಹೆಸರು. ಮತ್ತೆ ಕರೆದಳು. ಮೂರನೇ ಸಲ ಕರೆದು, "ಎಲ್ಲಿ ಅದೀರಿ? ಬರ್ರಿ," ಎಂದಳು. ಅಷ್ಟು ದೊಡ್ಡ ಭವನದ ಎಲ್ಲ ಹಾಲಿನಲ್ಲೂ, ಎಲ್ಲ ಓಣಿಯಲ್ಲೂ ಅವಳ ದನಿ. ಅವರ ನಲವತ್ತೈದು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ಆ ಹೆಸರು ಹಾಗೆ ಬಂದದ್ದು ಅದೇ ಮೊದಲು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳು ಹೇಳಬೇಕಾದದ್ದು, ಅವಳು ಹೇಳಿಯಾಯಿತು.

ಅವಳು ನಿಲ್ಲಿಸಲಿಲ್ಲ. ಎಷ್ಟು ಸಲ ಕರೆದಳೋ ನಾನು ಲೆಕ್ಕ ಇಡಲಿಲ್ಲ.

ನಾಲ್ಕನೇ ಹಾಲಿನ ಕಡೆಯ ಓಣಿಯಲ್ಲಿ ಗೋಡೆ ಹಿಡಿದುಕೊಂಡು ಒಬ್ಬ ಬರುತ್ತಿರುವುದು ಕಂಡಿತು. ಪಟಗ ಕೈಯಲ್ಲಿತ್ತು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯಾವುದೋ ಮಳಿಗೆಯ ಮನುಷ್ಯ ಹಿಂದೆ ಓಡಿ ಬಂದು ಅವನ ರಟ್ಟೆ ಹಿಡಿದುಕೊಂಡ. ಅಪ್ಪ! ನಾನು ಎದ್ದು ಓಡಿದೆ. ಅಪ್ಪ ನನ್ನನ್ನು ನೋಡಲೇ ಇಲ್ಲ, ನನ್ನನ್ನು ದಾಟಿಕೊಂಡು ಕೌಂಟರಿನ ತನಕ ಬಂದು ಅವ್ವನ ಮುಖ ನೋಡಿದ.

"ಏನಾತು ನಿನಗ?" ಅಂದ.

ಅಷ್ಟು ಹೇಳಿ ಕುಸಿದ. ಹುಡುಗಿ ಚಹಾ ಮಾಡುವಲ್ಲಿಂದ ಸಕ್ಕರೆ ತಂದಳು. ನೀರಲ್ಲಿ ಕಲೆಸಿ ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಗದ್ದದ ಮೇಲೆ ಚೆಲ್ಲಿತು. ಭವನದ ಪ್ರಥಮ ಚಿಕಿತ್ಸಾ ಕೋಣೆಗೆ ಒಯ್ದರು. ಅಲ್ಲಿದ್ದ ನರ್ಸಮ್ಮ ಬೆರಳು ಚುಚ್ಚಿ ಸಕ್ಕರೆ ನೋಡಿ, "ಹೆಂಗ ನಡದು ಬಂದ್ರಿ ಅಜ್ಜಾರ ನೀವು?" ಎಂದು ಬೆರಗಾದಳು. ನಾಡಿ ಸರಿಯಾಗಿ, ಮುಖಕ್ಕೆ ಬಣ್ಣ ಬರಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ನಾನು ಅವನ ಹೆಬ್ಬೆರಳು ಬಿಡಲಿಲ್ಲ.

ಅಪ್ಪ ಮೂತ್ರಕ್ಕೆ ಹೋಗುವಾಗ ಗುರುತಿಗೆಂದು ಮೂಲೆಯಲ್ಲಿ ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದ ಗೊಂಬೆ ನೋಡಿಟ್ಟುಕೊಂಡಿದ್ದನಂತೆ. ಅಡವಿಯಲ್ಲಿ ಕುರಿ ಕಾಯುವವರು ಒಂದು ಕಲ್ಲು, ಒಂದು ಗಿಡ ಗುರುತು ಹಿಡಿದೇ ತಿರುಗುವುದು. ಇಲ್ಲಿ ತಿರುಗಿ ನೋಡಿದರೆ ಮೂಲೆ ಮೂಲೆಗೂ ಅದೇ ಗೊಂಬೆ, ಅದೇ ಸಮವಸ್ತ್ರ. ಸುತ್ತಿ ಸುತ್ತಿ, ಕೈಕಾಲು ಸೋತು, ಬಟ್ಟೆಯ ಗಂಟುಗಳ ಹಿಂದೆ ಕೂತುಬಿಟ್ಟಿದ್ದ.

ಜೀವಕ್ಕೆ ಏನೂ ಆಗಿಲ್ಲ ಎಂದು ಗೊತ್ತಾದ ಕೂಡಲೇ ನನ್ನ ಸಿಟ್ಟು ಹೊರಬಿತ್ತು. "ಮೂರು ಸಲ ನಿನ್ನ ಹೆಸರು ಕೂಗಿದ್ರು. ನಾ ಕೂಗಿದೆ. ಕೇಳಿಸಲಿಲ್ಲೇನು?"

"ಕೇಳಿಸ್ತವಾ," ಅಂದ ಅಪ್ಪ. "ಏಳಾಕ ಆಗಲಿಲ್ಲ. ಕರದ್ರ ಕರೀಲಿ, ಇಲ್ಲೇ ಕುಂತ್ರಾತು ಅನಿಸ್ತು. ಸುಖಾ ಅನಿಸಾಕತ್ತಿತ್ತು."

"ಮತ್ತ ಎದ್ದು ಹ್ಯಾಂಗ ಬಂದಿ?"

ಅಪ್ಪ ಅವ್ವನ ಕಡೆ ನೋಡಿದ. ಅವಳು ಅವನ ಬರಿಗಾಲಿಗೆ ಅಂಟಿದ್ದ ಧೂಳನ್ನು ಸೆರಗಿನಿಂದ ಒರೆಸುತ್ತ ತಲೆ ತಗ್ಗಿಸಿ ಕೂತಿದ್ದಳು.

"ಇಕಿ ನನ್ನ ಹೆಸರು ಹಿಡಿದು ಕರದ್ಲು. ಇಕಿಗೇ ಏನೋ ಆಗೇತಿ ಅಂತ ಎದ್ದೆ," ಅಂದ.