ಕ್ಯಾನಿನಲ್ಲಿ ಪೆಟ್ರೋಲ್ ಕೇಳಿದ ದಿನ

ನಾನು ಎಂಜಿನಿಯರ್ ಆಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಅಂದವರು ನನ್ನ ದೊಡ್ಡಪ್ಪ. "ಕೂಲಿಯವಳ ಮಗ್ಳು ಇಮಾನದ ಇಂಜಿನ್ ಬಿಚ್ಚದುಂಟಾ? ಬುಡು ಬುಡು" ಎಂದು ನಮ್ಮೂರು ಹಂಗಳದ ಟೀ ಅಂಗಡಿಯಲ್ಲಿ ಎಲ್ಲರೆದುರು ನಕ್ಕಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವರ ಮಾತೇ ಮಾತು, ಅವರ ಕೈಯೇ ಕೈ. ಆ ಕೈ ಅವ್ವನ ಮೇಲೂ ಬಿದ್ದಿದೆ, ನನ್ನ ಮೇಲೂ ಬಿದ್ದಿದೆ. ನಮ್ಮ ವಂಶದಲ್ಲಿ ಪಿಯುಸಿ ದಾಟಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಚಾಮರಾಜನಗರದಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ. ಬೈಕಿಗೆ ಹಾಕುವ ಪೆಟ್ರೋಲನ್ನೇ ಎರಡು ಸೀಟಿನ ಪುಟ್ಟ ವಿಮಾನಕ್ಕೂ ಹಾಕಬಹುದೇ ಎಂಬುದು ನನ್ನ ಪ್ರಾಜೆಕ್ಟ್. ನಾನು ವಿಚಾರಿಸಿದ ವಿಮಾನ ನಿಲ್ದಾಣಗಳಲ್ಲಿ ದೊಡ್ಡ ವಿಮಾನಗಳ ಇಂಧನ ಮಾತ್ರ ಇತ್ತು. ಪುಟ್ಟ ವಿಮಾನದ ಪೆಟ್ರೋಲು ದೂರದಿಂದ ಡ್ರಮ್ಮಿನಲ್ಲಿ ಬರಬೇಕು. ಬಂಕಿನ ಪೆಟ್ರೋಲನ್ನಂತೂ ಅಲ್ಲಿ ಯಾರೂ ಇಡುತ್ತಿರಲಿಲ್ಲ. ಕಾಲೇಜಿನ ಶೆಡ್ಡಿನಲ್ಲಿ ಹಳೆಯ ವಿಮಾನದ ಎಂಜಿನ್ ಒಂದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ನಿಲ್ಲಿಸಿದ್ದೆವು. ಪರೀಕ್ಷಕರೆದುರು ಅದನ್ನು ಓಡಿಸಿ ತೋರಿಸಬೇಕು. ಪೆಟ್ರೋಲ್ ತರುವ ಕೆಲಸ ನನ್ನದು. ತರದಿದ್ದರೆ ಪ್ರಾಜೆಕ್ಟ್ ಇಲ್ಲ, ಡಿಗ್ರಿಯೂ ಇಲ್ಲ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ದೊಡ್ಡಪ್ಪ ಬಂದು, ನಾಳೆ ಗಂಡಿನ ಕಡೆಯವರು ನೋಡಲು ಬರುತ್ತಾರೆ, ಮನೆಯಲ್ಲೇ ಇರು ಎಂದರು. ಆಗುವುದಿಲ್ಲ ಎಂದೆ. ಕೆನ್ನೆಗೆ ಬಿದ್ದ ಏಟಿಗೆ ತುಟಿ ಸೀಳಿತು. ಅವರು ಹೋದ ಮೇಲೆ ಮುಖ ತೊಳೆದು, ಕಾಲೇಜಿನ ತಗಡಿನ ಕ್ಯಾನ್ ಎತ್ತಿಕೊಂಡೆ. ಬಸ್ಸಿನಲ್ಲಿ ಪೆಟ್ರೋಲ್ ಒಯ್ಯಲು ಬಿಡುವುದಿಲ್ಲವೆಂದು ಪಕ್ಕದ ಮನೆಯವರ ಲಗೇಜ್ ಆಟೊ ಹೇಳಿದ್ದೆ. ಅವ್ವ ತಾನೂ ಬಂದು ಹತ್ತಿ ಕೂತಳು.

ಆಟೊವನ್ನು ರಸ್ತೆಬದಿಯಲ್ಲೇ ನಿಲ್ಲಿಸಿದರು, ಅವ್ವ ಅದರಲ್ಲೇ ಕೂತಿದ್ದಳು. ಗುಂಡ್ಲುಪೇಟೆಯ ಬಂಕಿನೊಳಕ್ಕೆ ನಾನೊಬ್ಬಳೇ ನಡೆದೆ. ತುಟಿ ಸೀಳಿದ ಹುಡುಗಿ, ಕೈಯಲ್ಲಿ ಖಾಲಿ ಕ್ಯಾನ್. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಅದು ನನಗೆ ಹೊಳೆದೇ ಇರಲಿಲ್ಲ.

"ಯಾರ್ ಮೇಲೆ ಸುರಿಯಕವ್ವ?" ಬಂಕಿನವನು ಪೈಪನ್ನು ಹಿಂದಕ್ಕೆಳೆದ. "ನಿನ್ ಮೇಲಾ, ಅತ್ತೆ ಮೇಲಾ?"

"ವಿಮಾನದ ಇಂಜಿನ್‌ಗೆ ಕಣಣ್ಣ."

"ಎಲ್ ನಿಲ್ಸಿದ್ದೀಯಮ್ಮಿ ಇಮಾನವ, ಬಸ್‌ಸ್ಟ್ಯಾಂಡಲ್ಲಾ?" ಸಾಲಿನಲ್ಲಿದ್ದವನೊಬ್ಬ ಕೂಗಿದ.

ಎಲ್ಲರೂ ನಕ್ಕರು. ನಗುತ್ತಲೇ ಇಬ್ಬರು ನನ್ನ ರಟ್ಟೆ ಹಿಡಿದು ಕ್ಯಾನ್ ಕಿತ್ತು ನೆಲಕ್ಕೆಸೆದರು. ನಾನು ಹೇಳಿದ್ದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಗುರುತಿದ್ದವನೊಬ್ಬ ದೊಡ್ಡಪ್ಪನಿಗೆ ಫೋನ್ ಮಾಡಿದ.

ಪೇಟೆಯಲ್ಲೇ ಇದ್ದ ದೊಡ್ಡಪ್ಪ ಬೈಕಿನಿಂದ ಇಳಿಯುತ್ತಲೇ ನನ್ನ ಜಡೆ ಹಿಡಿದರು. "ಸುಟ್ಕೊಂಡು ಸತ್ತು ನನ್ನ ಜೈಲಿಗ್ ಕಳ್ಸನ ಅಂತಿದ್ದೀಯೇನೇ?" ನೆಲಕ್ಕೆ ಕೆಡವಿ ಒದ್ದರು. ಹೊಟ್ಟೆಗೆ, ತೊಡೆಗೆ, ಅಡ್ಡ ಇಟ್ಟ ಕೈಗೆ, ಕಣ್ಣಿಗೆ. ನನ್ನನ್ನು ಸಾಯದಂತೆ ಉಳಿಸಲು ಸೇರಿದ್ದ ಜನ ಅದನ್ನು ನೋಡುತ್ತ ನಿಂತರು. ಬಾಯಿ ತುಂಬ ರಕ್ತ, ಎಣ್ಣೆ ಹಿಡಿದ ಮಣ್ಣು.

ಆಮೇಲೆ ತಗಡಿನ ಸದ್ದು ಕೇಳಿತು. ಆಟೊದಿಂದ ಓಡಿಬಂದ ಅವ್ವ ಕ್ಯಾನನ್ನು ಎರಡೂ ಕೈಯಲ್ಲೆತ್ತಿ ದೊಡ್ಡಪ್ಪನ ತಲೆಗೆ ಬಡಿದಿದ್ದಳು. ಮತ್ತೊಮ್ಮೆ ಬಡಿದಳು. ಅವರು ಮಂಡಿ ಕುಸಿದು ಕೂತರು. ಹಣೆಯ ರಕ್ತ ಬಿಳಿ ಅಂಗಿಗೆ ಇಳಿಯಿತು. ಅವರೆದುರು ಎಂದೂ ತಲೆಯೆತ್ತದಿದ್ದ ಅವ್ವ, ನೆಗ್ಗಿದ ಕ್ಯಾನನ್ನು ಬಂಕಿನವನ ಮುಂದಿಟ್ಟಳು.

"ಸಾಯಕಲ್ಲ ಕಣಪ್ಪ, ಓದಕ್ಕೆ. ಆಕು."

ಅವನು ಪೈಪ್ ಎತ್ತಿ ತುಂಬಿಸಿದ.

ಮರುದಿನ ಊದಿ ಮುಚ್ಚಿದ ಕಣ್ಣಲ್ಲೇ ಪರೀಕ್ಷಕರೆದುರು ನಿಂತೆ. ಗಾಜಿನ ಕೊಳವೆಯಲ್ಲಿ ಆ ಪೆಟ್ರೋಲಿಗೆ ನೀರು ಸೇರಿಸಿ ಕುಲುಕಿದೆ. ತಳದ ನೀರಿನ ಮಟ್ಟ ಏರಿತು. ಪೆಟ್ರೋಲಿಗೆ ಬೆರೆಸಿದ್ದ ಎಥನಾಲ್ ನೀರಿಗೆ ಇಳಿದಿತ್ತು. ಎಂಜಿನ್ ಓಡಿತು, ಶೆಡ್ಡು ಗಡಗಡ ನಡುಗಿತು. ಆದರೆ ಗೆಳತಿಯ ಸ್ಕೂಟರಿನಿಂದ ಇಳಿಸಿದ ಒಂದಿಷ್ಟು ಪೆಟ್ರೋಲಿನಲ್ಲಿ ಮೊದಲೇ ನೆನೆಹಾಕಿದ್ದ ವಿಮಾನದ ರಬ್ಬರ್ ಪೈಪು ಅದೇ ಎಥನಾಲಿಗೆ ಉಬ್ಬಿ ಬಿರಿದಿತ್ತು. ಅದನ್ನು ಮೇಜಿನ ಮೇಲಿಟ್ಟು, ನೆಲದ ಮೇಲೆ ಓಡಿದರೂ ಆಕಾಶಕ್ಕೆ ಈ ಪೆಟ್ರೋಲ್ ಬೇಡ ಸರ್, ಎಂದೆ. ಒಪ್ಪಿದರು.

ಪದವಿ ಪ್ರಮಾಣಪತ್ರ ಸಿಕ್ಕ ದಿನ ಅದನ್ನು ಕಾಲೇಜಿನ ಮೆಟ್ಟಿಲ ಮೇಲೆಯೇ ಅವ್ವನ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದು, ನನ್ನ ಮುಖವನ್ನೇ ನೋಡಿದಳು.

"ನಿಮ್ ದೊಡ್ಡಪ್ಪುಂಗೆ ಬಡಿಯದ್ನ ಬಾಳ ತಡ ಮಾಡ್ಬುಟ್ಟೆ ಕಣಮ್ಮಿ" ಅಂದಳು. "ನೀನು ಅಷ್ಟ್ ದಿನ ಕಾಯ್ಬ್ಯಾಡ."