ಒಂದೇ ಹಗ್ಗದ ತೊಟ್ಟಿಲು

ಪಕ್ಕದ ಮನೆಯವರು ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದರು. ಕೊಬ್ಬರಿ ಎಣ್ಣೆಗೆ ಗರಗದ ಸೊಪ್ಪಿನ ರಸ ಸುರಿದು ಕುದಿಸುವಾಗ ಹಸಿಯೂ ಕಹಿಯೂ ಆದ ಒಂದು ವಾಸನೆ ಏಳುತ್ತದೆ. ಕೊನೆಯಲ್ಲಿ ಸ್ವಲ್ಪ ಸುಟ್ಟಂತೆಯೂ ಇರುತ್ತದೆ. ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಅಲ್ಲೇ ನಿಂತೆ. ಮೊದಲು ನೆನಪಾದದ್ದು ಒಂದು ಕೈ. ಆ ಕೈಯ ಒಡತಿ ಸ್ವಲ್ಪ ತಡವಾಗಿ ಬಂದಳು.

ಎಡಗೈ. ಅಷ್ಟರ ಮಟ್ಟಿಗೆ ನನಗೆ ಅನುಮಾನವಿಲ್ಲ. ಉಳಿದದ್ದರ ಬಗ್ಗೆ ಇದೆ...

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ಹಗರಿಬೊಮ್ಮನಹಳ್ಳಿಯ ಹುಡುಗಿಯರ ಶಾಲೆಯಲ್ಲಿ ನಾನು ಗಣಿತ ಹೇಳುತ್ತಿದ್ದೆ, ಅವಳು ಹೊಲಿಗೆ ಕಲಿಸುತ್ತಿದ್ದಳು. ಶಾಲೆಯಲ್ಲಿ ಎಲ್ಲರಿಗೂ ಹೊಲಿಗೆ ಟೀಚರು, ನನಗೆ ಮಾತ್ರ ಅಕ್ಕ. ಶೇಂಗಾ ವ್ಯಾಪಾರ ಮಾಡುವವರೊಬ್ಬರ ಮನೆಯ ಹಿಂದುಗಡೆ ಒಂದು ಕೋಣೆಯಲ್ಲಿ ಇಬ್ಬರೂ ಬಾಡಿಗೆಗಿದ್ದೆವು. ಗೂಡ್ಸ್ ಗಾಡಿ ಹೋದರೆ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಅಕ್ಕ ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ಮಣಿಕಟ್ಟಿನ ತನಕ ಬರುವ ತೋಳು, ತುದಿಯಲ್ಲಿ ಎರಡು ಗುಂಡಿ. ಹೊಲಿಗೆ ಬಲ್ಲವಳ ಶೋಕಿ ಇದು ಎಂದುಕೊಂಡಿದ್ದೆ. ಒಂದು ದಿನ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಆ ಕೈ ಕಂಡಿತು. ಮಣಿಕಟ್ಟಿನ ಮೇಲೆ ತೊಟ್ಟಿಲಿನ ಬಾಗಿದ ತಳ, ಅದರೊಳಗೆ ಕೂಸಿನ ಲೆಕ್ಕಕ್ಕೆ ಒಂದಿಷ್ಟು ಚುಕ್ಕೆ. ತೊಟ್ಟಿಲಿನ ಒಂದು ಬದಿಯಿಂದ ಹಗ್ಗವೊಂದು ನೇರ ಮೊಣಕೈ ಕಡೆಗೆ ಏರಿತ್ತು. ಇನ್ನೊಂದು ಬದಿಯಲ್ಲಿ ಬರೀ ಚರ್ಮ. ಹಚ್ಚೆಯ ಬಣ್ಣ ಹಸಿರು ಎಂದು ಈಗ ಬರೆಯುತ್ತಿದ್ದೇನೆ. ಹಿಂದೊಮ್ಮೆ ಯಾರಿಗೋ ನೀಲಿ ಎಂದು ಹೇಳಿದ ನೆನಪೂ ಇದೆ.

"ಇನ್ನೊಂದು ಹಗ್ಗ ಎಲ್ಲಿ ಅಕ್ಕಾ?" ಎಂದೆ.

"ಓಡಿಹೋತು," ಎಂದಳು ಅಕ್ಕ, ಸೀರೆ ಹಿಂಡುತ್ತ.

ಓಡಿದ್ದು ಹಗ್ಗವಲ್ಲ, ಅವಳೇ. ತನ್ನ ಊರು ಕೋಗಳಿಯಲ್ಲಿ ಅವಳು ಇನ್ನೂ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಅವರವ್ವ ಹಚ್ಚೆ ಹಾಕುವವಳನ್ನು ಮನೆಗೆ ಕರೆಸಿದ್ದರು. ತೊಟ್ಟಿಲು ಬಿಡಿಸಿ, ಒಂದು ಹಗ್ಗ ಚುಚ್ಚಿ ಮುಗಿಸಿ, ಎರಡನೆಯದಕ್ಕೆ ಸೂಜಿ ಇಡುವಷ್ಟರಲ್ಲಿ ಹುಡುಗಿ ಕೈ ಕಿತ್ತುಕೊಂಡು ಓಡಿದಳು. ಯಾಕೆ ಓಡಿದಳೆಂಬುದನ್ನು ಅಕ್ಕ ನನಗೆ ಒಂದೊಂದು ಸಲ ಒಂದೊಂದು ಥರ ಹೇಳಿದಳು. ಒಮ್ಮೆ ನೋವು ತಡೆಯದೆ. ಇನ್ನೊಮ್ಮೆ, ಮೇಷ್ಟ್ರು ನಗುತ್ತಾರೆಂದು. ಮತ್ತೊಮ್ಮೆ, ಹಚ್ಚೆ ಹಾಕುವವಳು ಹೇಳುತ್ತಿದ್ದ ಹಾಡು ಅಳು ಬರಿಸುವಂತಿತ್ತು ಎಂದು. ಮೂರನ್ನೂ ಒಟ್ಟು ಸೇರಿಸಿ ಒಂದು ಕಾರಣ ಮಾಡುವುದು ಸುಲಭ. ನಾನು ಮಾಡುವುದಿಲ್ಲ.

ಅವರವ್ವನ ಕಣ್ಣಿಗೆ ಅದು ಅರ್ಧ ಚಿತ್ರವಾಗಿರಲಿಲ್ಲ, ಬೀಳಲಿರುವ ತೊಟ್ಟಿಲಾಗಿತ್ತು. ಒಂದೇ ಹಗ್ಗಕ್ಕೆ ನೇತುಬಿದ್ದ ತೊಟ್ಟಿಲಲ್ಲಿ ಯಾವ ಕೂಸು ಉಳಿದೀತು? ಇನ್ನೊಂದು ಹಗ್ಗ ಹಾಕಿಸಿಕೊಳ್ಳುವ ತನಕ ಮಗಳ ಕೈಯಿಂದ ನೀರು ಕುಡಿಯುವುದಿಲ್ಲ ಎಂದು ಆವತ್ತೇ ಆಣೆ ಮಾಡಿದ್ದರು. ಹಚ್ಚೆಯಿಲ್ಲದ ಸೊಸೆಯ ಕೈನೀರು ಮುಟ್ಟದ ಅತ್ತೆಯರನ್ನು ಆ ಕಡೆ ಎಲ್ಲರೂ ಕಂಡಿದ್ದರು. ಹೆತ್ತ ಮಗಳಿಗೇ ಹಾಗೆ ಮಾಡಿದವರು ಇವರೊಬ್ಬರೇ ಇರಬೇಕು. ವಾರದಲ್ಲಿ ಮಗಳು ಸೋಲುತ್ತಾಳೆ ಎಂದು ತಾಯಿ ಅಂದುಕೊಂಡರು, ತಾಯಿ ಸೋಲುತ್ತಾಳೆ ಎಂದು ಮಗಳು. ಹುಡುಗಿ ಓದಿ, ಹೊಲಿಗೆಯ ಪರೀಕ್ಷೆ ಕಟ್ಟಿ, ನೌಕರಿ ಹಿಡಿದರೂ ಯಾರೂ ಸೋತಿರಲಿಲ್ಲ.

"ರೊಟ್ಟಿ ತಿಂತಾಳ, ಸಾರು ಉಣ್ತಾಳ. ನೀರು ಮಾತ್ರ ಒಲ್ಲೆ ಅಂತಾಳ," ಎಂದು ಅಕ್ಕ ನಗುತ್ತಿದ್ದಳು. "ಸಾರಿನ್ಯಾಗ ನೀರಿರಂಗಿಲ್ಲೇನು ಬೇ ಅಂತ ಕೇಳಿದೆ. ಅದು ಸಾರು ಅಂದ್ಲು."

ಆದರೆ ಸಂತೆಯ ದಿನ ಆ ತಾಯಿ ಬಸ್ಸಿಳಿದು ನಮ್ಮ ಕೋಣೆಗೆ ಬಂದಾಗ ಅಕ್ಕ ನಗುತ್ತಿರಲಿಲ್ಲ. ತಾಯಿ ಬಿಸಿಲಲ್ಲಿ ಬಂದು ಗೋಡೆಗೊರಗಿ ಕೂಡುತ್ತಿದ್ದರು. ಅಕ್ಕ ಸುಮ್ಮನೆ ನಿಂತಿರುತ್ತಿದ್ದಳು. ನಾನು ಎದ್ದು ಕೊಡದಿಂದ ಚೊಂಬಿಗೆ ನೀರು ತುಂಬಿ ಕೊಡುತ್ತಿದ್ದೆ. ತಾಯಿ ನನ್ನನ್ನು ಹರಸಿ ಕುಡಿಯುತ್ತಿದ್ದರು. ಆ ಹೊತ್ತು ಅಕ್ಕನಿಗೆ ಹೊಲಿಗೆ ಮೆಷಿನ್ನಿನ ಹತ್ತಿರ ಏನೋ ಕೆಲಸ ಬಂದುಬಿಡುತ್ತಿತ್ತು. ನೂಲಿನುಂಡೆ ಹುಡುಕುತ್ತಿದ್ದಳು. ಅದು ಎದುರಿಗೇ ಇರುತ್ತಿತ್ತು...

ಮನೆಯೊಡತಿ ಮಗಳ ಮದುವೆಗೆಂದು ಅಕ್ಕನಿಂದ ದಿಂಬಿನ ಗವಸಿಗೆ ಕಸೂತಿ ಹಾಕಿಸಿಕೊಂಡಿದ್ದರು. ಅಕ್ಕ ತನ್ನ ಊರಿನ ಹೆಂಗಸರ ಕೈಗಳಲ್ಲಿದ್ದ ಚಿತ್ರಗಳನ್ನೇ ಬಟ್ಟೆಯ ಮೇಲೆ ಇಳಿಸಿದ್ದಳು. ಬಾವಿ, ನವಿಲು, ಚೇಳು, ಎರಡು ಹಗ್ಗದ ತೊಟ್ಟಿಲು. ಮನೆಯೊಡತಿ ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದರು. "ಆ ತೊಟ್ಲಾ ನೋಡ್ರಿ, ಎಷ್ಟು ಚೆಂದ ಬಂದೈತಿ!" ಎನ್ನುತ್ತಿದ್ದರು. ಹರಪನಹಳ್ಳಿಯಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದಾಗ ಅದೇ ಬಾಯಿಯಿಂದ, "ತೋಳು ಗಟ್ಟಿ ಗುಂಡಿ ಹಾಕ್ಕ್ಯಾ ತಂಗಿ. ಓದಿದ ಹುಡುಗ, ಆಫೀಸಿನ್ಯಾಗ ಅದಾನ. ಹಚ್ಚಿ ಕಂಡ್ರ ಯಾವ ಹಳ್ಯಾಗಿನಾಕಿ ಅಂತಾನ," ಎಂದರು. ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ಹೇಳಿದರು. ಬಟ್ಟೆಯ ಮೇಲಿನದು ಕಲೆ, ಮೈಮೇಲಿನದು ಕುರುಹು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಹಾಗೆಂದು ಅವರಿಗೆ ಗೊತ್ತಿತ್ತು, ಅಷ್ಟೇ.

ನನಗೂ ಹಚ್ಚೆ ಚೆಂದ ಕಾಣುತ್ತಿರಲಿಲ್ಲ. ಅಕ್ಕನಿಗೆ ಹಾಗೇ ಹೇಳಿದ್ದೆ. "ನಿನಗ ಚೆಂದ ಕಾಣ್ಲಿ ಅಂತ ಹಾಕಿಸಿಕ್ಯಂಡಿಲ್ಲ ಬಿಡು," ಎಂದಿದ್ದಳು.

ಬಂದವರು ಇಬ್ಬರೇ, ಹುಡುಗ ಮತ್ತು ಅವನ ತಾಯಿ. ಮಂಡಕ್ಕಿ, ಮೆಣಸಿನಕಾಯಿ ಬಜಿ, ಚಹಾ ಎಲ್ಲ ಆಯಿತು. ಹುಡುಗ ಮರ್ಯಾದಸ್ಥ. ಶಾಲೆಯ ಬಗ್ಗೆ ಕೇಳಿದ, ಮಕ್ಕಳೆಷ್ಟು ಎಂದು ಕೇಳಿದ. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಅವನ ತಾಯಿ, "ಬಳೆ ಅಳತೆ ನೋಡ್ತೀನಿ ಕಣವ್ವ, ತೋಳು ಮೇಲೆ ಮಾಡು," ಎಂದರು.

ಬಲಗೈ ಕೊಟ್ಟಿದ್ದರೂ ಆಗುತ್ತಿತ್ತು. ಅಕ್ಕ ಎಡಗೈಯ ಗುಂಡಿ ಬಿಚ್ಚಿದಳು. ಬಳೆಗೆ ಬೇಕಾದಷ್ಟಲ್ಲ, ಮೊಣಕೈ ತನಕ ಮಡಿಸಿದಳು. ಮನೆಯೊಡತಿ ಗಂಟಲು ಸರಿಮಾಡಿಕೊಂಡರು.

"ಇದೇನ್ರೀ ಇದು?" ಎಂದ ಹುಡುಗ. ದನಿಯಲ್ಲಿ ಸಿಟ್ಟಿರಲಿಲ್ಲ. "ತೆಗ್ಸಕ್ಕೆ ಬರುತ್ತಾ? ದೊಡ್ಡಾಸ್ಪತ್ರೇಲಿ ಸುಟ್ಟು ತೆಗೀತಾರಂತೆ."

ಅವನ ಪಕ್ಕದಲ್ಲೇ ತಾಯಿಯ ಎರಡೂ ಕೈಗಳಿದ್ದವು. ಮಣಿಕಟ್ಟಿನಿಂದ ಮೊಣಕೈ ತನಕ ಒಂದಂಗುಲ ಬಿಡದೆ ಹಚ್ಚೆ. ಅಕ್ಕ ಆ ಕೈಗಳನ್ನು ನೋಡಿ, "ನಿಮ್ಮವ್ವಗೂ ಹಿಂಗ ಕೇಳೀರೇನ್ರಿ?" ಎಂದಳು.

ಆ ತಾಯಿ ಸೆರಗೆಳೆದು ಕೈ ಮುಚ್ಚಿಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆಕೆ ಜೋರಾಗಿ ನಕ್ಕುಬಿಟ್ಟಳು ಎಂದು ಅಕ್ಕ ಆಮೇಲೆ ಹೇಳುತ್ತಿದ್ದಳು. ಎರಡೂ ನಡೆದಿರಲಾರದು... ಅಥವಾ ಮೊದಲು ಒಂದು, ಆಮೇಲೆ ಒಂದು. ಆಕೆ ಅಕ್ಕನ ಕೈ ಹಿಡಿದು ತಿರುಗಿಸಿ, ಮೆಲ್ಲಗೆ, "ಇನ್ನೊಂದು ಹಗ್ಗ ಎಲ್ಲವ್ವ?" ಎಂದು ಕೇಳಿದ್ದನ್ನಂತೂ ಇಬ್ಬರೂ ಒಂದೇ ಥರ ನೆನಪಿಟ್ಟಿದ್ದೆವು.

ಸಂಬಂಧ ಕೂಡಿಬರಲಿಲ್ಲ. ಮಗನಿಗೆ ಹಚ್ಚೆ ಇದ್ದದ್ದು ಬೇಡವಾಗಿತ್ತು, ತಾಯಿಗೆ ಅದು ಮುಗಿಯದೆ ಉಳಿದದ್ದು. ಸುದ್ದಿ ಕೋಗಳಿಗೆ ಮುಟ್ಟಿ, ಸಂತೆಯ ದಿನ ಅವರವ್ವ ಬಂದು, "ನಾ ಬಡ್ಕಂಡಿದ್ದಿಲ್ಲೇನು?" ಎಂದು ಅತ್ತು, ನನ್ನ ಕೈಯಿಂದ ನೀರು ಕುಡಿದು ಹೋದರು.

ಆ ಭಾನುವಾರ ಅಕ್ಕ ಹಳ್ಳದ ದಂಡೆಗೆ ಹೋಗಿ ಗರಗದ ಸೊಪ್ಪು ಕಿತ್ತು ತಂದಳು. ಹರಳೆಣ್ಣೆಯ ದೀಪದ ಮೇಲೆ ತಾಟು ಬೋರಲು ಹಾಕಿ ಮಸಿ ಹಿಡಿದಳು. ಮಸಿಗೆ ಸೊಪ್ಪಿನ ರಸ ಹಿಂಡಿ ಕಲಸಿದಳು. ಕೋಣೆ ತುಂಬ ಅದೇ ವಾಸನೆ, ಈಗ ಪಕ್ಕದ ಮನೆಯಿಂದ ಬರುತ್ತಿರುವುದು. ಆಮೇಲೆ ಮೂರು ಹೊಲಿಗೆ ಸೂಜಿ ಸೇರಿಸಿ ದಾರದಿಂದ ಬಿಗಿದು, ಸ್ಟೋವಿನ ಉರಿಗೆ ಹಿಡಿದಳು.

"ಅಕ್ಕಾ, ಹುಚ್ಚು ಹಿಡೀತೇನು? ಹಚ್ಚಿ ಹಾಕಾಕೀನ ಕರಸು."

"ಯಾಕ? ನನಗ ಸೂಜಿ ಹಿಡ್ಯಾಕ ಬರಂಗಿಲ್ಲೇನು?" ಎಂದಳು. ಸೂಜಿಯನ್ನು ಮಸಿಯಲ್ಲಿ ಅದ್ದುತ್ತ, "ಒಬ್ಬರು ಸುಡ್ರಿ ಅಂತಾರ, ಒಬ್ಬರು ಹಾಕಿಸ್ಕ್ಯಾ ಅಂತಾರ. ಕೈ ನಂದು. ನಿನಗೇನು ಬೇಕವ್ವ ಅಂತ ಒಬ್ರೂ ಕೇಳ್ಲಿಲ್ಲ," ಎಂದಳು.

ನಿನಗೇನು ಬೇಕು ಎಂದು ನಾನೂ ಕೇಳಲಿಲ್ಲ. ಅವಳ ಕೈ ಗಟ್ಟಿಯಾಗಿ ಹಿಡಿದು ಕೂತೆ.

"ಏನರ ಹಾಡು ಲೇ. ಹಾಡು ಹೇಳ್ತಿದ್ರ ನೋವು ಗೊತ್ತಾಗಂಗಿಲ್ಲ."

"ನನಗ ಹಾಡು ಬರಂಗಿಲ್ಲ."

"ಬರೋದು ಹೇಳು."

ನನಗೆ ಬರುತ್ತಿದ್ದದ್ದು ಮಗ್ಗಿ. ಹದಿನೇಳರ ಮಗ್ಗಿ ಶುರು ಮಾಡಿದೆ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು... ಸೂಜಿ ಚುಚ್ಚಿದಲ್ಲೆಲ್ಲ ರಕ್ತದ ಸಣ್ಣ ಹನಿ ಏಳುತ್ತಿತ್ತು, ಅವಳು ಮಸಿಯ ಬಟ್ಟೆಯಿಂದ ಒರೆಸಿ ಮುಂದಕ್ಕೆ ಹೋಗುತ್ತಿದ್ದಳು. ರವಿಕೆಗೆ ಅಂಚು ಹೊಲಿಯುವಾಗಿನ ಅದೇ ಮುಖ. ಹದಿನೇಳೇಳ್ಲ ಎಂಬಲ್ಲಿ ರಕ್ತ ನೋಡುತ್ತ ನನ್ನ ಲೆಕ್ಕ ತಪ್ಪಿತು. ನಿಂತೆ. ಅಕ್ಕ ತಲೆ ಎತ್ತಿ ನನ್ನ ಮುಖ ನೋಡಿ, "ಲೆಕ್ಕದ ಟೀಚರಮ್ಮ!" ಎಂದು ನಕ್ಕಳು. ನಗುವಿಗೆ ಸೂಜಿ ಸರಿಯಿತು. ಎರಡನೆಯ ಹಗ್ಗ ನಡುವೆ ಒಂದು ಕಡೆ ಸೊಟ್ಟಗಾದದ್ದು ಹಾಗೆ.

ಗಾಯ ಮಾಗಿ ಹಕ್ಕಳೆ ಉದುರುವ ತನಕ ಅಕ್ಕ ಉದ್ದ ತೋಳು ಬಿಡಲಿಲ್ಲ. ಆಮೇಲೆ ಒಂದು ಸಂಜೆ ಕುಳಿತು ಎಲ್ಲ ರವಿಕೆಗಳ ತೋಳು ಕತ್ತರಿಸಿ, ಅಂಚು ಮಡಿಸಿ ಹೊಲಿದಳು. ಮರುದಿನ ಶಾಲೆಯಲ್ಲಿ ಹೆಡ್ ಮಾಸ್ತರರು, "ಏನ್ ಟೀಚರ್, ಸೆಕಿ ಜಾಸ್ತಿ ಆತೇನು?" ಎಂದರು. "ಹೌದ್ರಿ ಸಾರ್, ಭಾಳ ವರ್ಷದಿಂದ ಐತಿ," ಎಂದಳು.

ಮುಂದಿನ ಸಂತೆಗೆ ಅವರವ್ವ ಬಂದರು. ಗೋಡೆಗೊರಗಿ ಕುಳಿತರು. ಮಗಳ ಕೈ ಕಂಡಿತು. ಅದನ್ನು ತಮ್ಮ ಕಡೆ ಎಳೆದುಕೊಂಡು, ಹೆಬ್ಬೆರಳನ್ನು ಎಂಜಲಲ್ಲಿ ಒದ್ದೆ ಮಾಡಿ ಹಗ್ಗದ ಮೇಲೆ ಉಜ್ಜಿದರು. ಶಾಯಿಯೋ ಹಚ್ಚೆಯೋ ಎಂದು ನೋಡಿದ್ದು. ಹಗ್ಗ ಅಳಿಸಲಿಲ್ಲ.

"ಯಾರು ಹಾಕಿದ್ದು?"

"ನಾನ."

"ಅದಕ್ಕ ಹಿಂಗ ಸೊಟ್ಟ ಐತಿ."

ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ತಾಯಿಯೂ ಬಿಡಲಿಲ್ಲ. ಹೊರಗೆ ಗೂಡ್ಸ್ ಗಾಡಿ ಹೋಯಿತು, ಲೋಟಗಳು ಸದ್ದು ಮಾಡಿದವು. ಗಾಡಿ ಆಗ ಹೋಗಿತ್ತೋ, ಈ ಮೌನಕ್ಕೆ ಬೇಕೆಂದು ನಾನೇ ಈಗ ಓಡಿಸುತ್ತಿದ್ದೇನೋ ಗೊತ್ತಿಲ್ಲ.

"ಬಿಸಲಾಗ ಬಂದೀನಿ," ಎಂದರು ತಾಯಿ. "ನೀರು ಕೊಡು."

ರೂಢಿಯ ಮೇಲೆ ನಾನು ಎದ್ದೆ.

"ನೀ ಕುಂದ್ರವ್ವ," ಎಂದರು.

ಅಕ್ಕ ಕೊಡದ ಹತ್ತಿರ ನಮಗೆ ಬೆನ್ನು ಮಾಡಿ ನಿಂತಳು. ಒಂದು ಚೊಂಬು ತುಂಬಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ತಾಯಿ ಚೊಂಬನ್ನು ಎತ್ತಿ ಹಿಡಿದು ಗಟಗಟ ಕುಡಿದರು, ನೀರು ಗದ್ದದಿಂದ ಇಳಿದು ಕುಬಸ ತೋಯಿಸಿತು. ಕುಡಿದು ಮುಗಿಸಿ, ಇನ್ನೊಂದು ಚೊಂಬು ಕೇಳಿದರು.

ಮಾರನೆಯ ವರ್ಷ ನನ್ನ ಮದುವೆಯಾಗಿ ಕೊಟ್ಟೂರಿಗೆ ಬಂದೆ. ಅಕ್ಕನಿಗೆ ಹಡಗಲಿಗೆ ವರ್ಗವಾಯಿತೆಂದು ಕೇಳಿದೆ. ಹತ್ತಿರದ ಊರುಗಳು, ದಿನಾ ಬಸ್ಸು. ಹೋದರಾಯಿತು ಎಂದುಕೊಳ್ಳುವಷ್ಟು ಹತ್ತಿರವಿದ್ದದ್ದಕ್ಕೇ ಹೋಗಲಾಗಲಿಲ್ಲವೇನೋ... ಕೆಲವು ವರ್ಷಗಳ ಹಿಂದೆ ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸೊಬ್ಬಳು ಮಾತಿಗೆ ಮಾತು ಬಂದು, ತಾನು ಹಡಗಲಿಯಲ್ಲಿ ಅಕ್ಕನ ಹತ್ತಿರ ಹೊಲಿಗೆ ಕಲಿತವಳು ಎಂದಳು. "ತೀರಿಕ್ಯಂಡ್ರಲ್ರಿ ಅವರು, ಹೋದ ಶ್ರಾವಣಕ್ಕ. ಎರಡೂ ಕೈ ತುಂಬ ಹಚ್ಚಿ ಇದ್ವಲ್ರಿ, ಅವರ ಹೌದಲ್ಲೋ?"

"ಎರಡೂ ಕೈ ಅಲ್ಲವ್ವ. ಎಡಗೈಗೆ ಒಂದು ತೊಟ್ಟಿಲು, ಅಷ್ಟ," ಎಂದೆ.

"ಇಲ್ರಿ. ನವಿಲು ಇತ್ತು, ಬಾವಿ ಇತ್ತು. ನಾವು ಕುಂತು ನೋಡ್ತಿದ್ವಿ. ತೊಟ್ಲಾ ನಾ ಕಾಣೆ."

ನನ್ನ ಅಕ್ಕ ಆಮೇಲೆ ಬಾಗಿಲು ಹಾಕಿಕೊಂಡು, ಮೂರು ಸೂಜಿ ಕಟ್ಟಿಕೊಂಡು ಮುಂದುವರಿಸಿದ್ದಳೇ? ಹಾಗಿದ್ದರೆ ಬಲಗೈಯನ್ನು ಯಾರು ಹಿಡಿದಿದ್ದರು, ಏನು ಹಾಡಿದ್ದರು? ಅಥವಾ ಆ ಹೆಂಗಸು ಅಕ್ಕ ಅಲ್ಲೂ ಹಾಕಿದ ಯಾವುದೋ ದಿಂಬಿನ ಗವಸಿನ ನವಿಲನ್ನು ಕೈಮೇಲೆ ನೆನಪಿಟ್ಟುಕೊಂಡಿದ್ದಳೇ? ಕೇಳಬಹುದಾಗಿದ್ದ ಒಬ್ಬಳೇ ಒಬ್ಬಳು ಇಲ್ಲ.

ಪಕ್ಕದ ಮನೆಯವರು ಎಣ್ಣೆ ಇಳಿಸಿದ್ದಾರೆ. ವಾಸನೆ ತೆಳುವಾಗಿದೆ. ನನ್ನ ಬಲ ಹೆಬ್ಬೆರಳಿನ ಬುಡದಲ್ಲಿ ಸಾಸಿವೆಗಿಂತ ಸಣ್ಣದೊಂದು ನೀಲಿ ಚುಕ್ಕೆಯಿದೆ. ಅಕ್ಕ ನಕ್ಕಾಗ ಸರಿದ ಸೂಜಿ ತಾಗಿ ಆದದ್ದು ಎಂದು ಇಷ್ಟು ವರ್ಷ ನಂಬಿದ್ದೇನೆ. ಶಾಲೆಯ ದಿನಗಳಲ್ಲಿ ಪೆನ್ನಿನ ಮುಳ್ಳು ಚುಚ್ಚಿದ್ದೂ ಇರಬಹುದು. ಬರೆಯುತ್ತ ಬರೆಯುತ್ತ ಇದು ಬಹಳ ಚೆನ್ನಾಗಿ ಹೊಂದುತ್ತಿದೆ, ಅದಕ್ಕೇ ನನಗೆ ನಂಬಿಕೆ ಕಡಿಮೆ. ಎಂಜಲಲ್ಲಿ ಬೆರಳು ಒದ್ದೆ ಮಾಡಿ ಉಜ್ಜಿ ನೋಡಿದೆ.

ಅಳಿಸಲಿಲ್ಲ.