ಗಚ್ಚಿನ ರುಚಿ ನೋಡಿದ ಕಾಕಾ

ಗೋಕಾಕದಲ್ಲಿ ನನ್ನದು ಸಿಮೆಂಟಿನ ಅಂಗಡಿ. ನಮ್ಮ ಕಾಕಾ ಹುಕ್ಕೇರಿಯ ಗೌಂಡಿ, ಅಂದರೆ ಗಾರೆ ಕೆಲಸದವನು, ಅದೂ ಸುಣ್ಣದ ಗಚ್ಚಿನವನು. ಸುಣ್ಣದ ಕೆಲಸ ಕೇಳುವವರೇ ಇಲ್ಲವಾದಾಗ, ಯಮಕನಮರಡಿಯ ಹೆದ್ದಾರಿ ಬಾಜೂ ಒಂದು ಗೋದಾಮಿನಲ್ಲಿ ಅವನಿಗೆ ವಾಚ್‌ಮನ್ ನೌಕರಿ ಮಾತಾಡಿ ಮುಗಿಸಿದೆ. ಅವನು ಒಲ್ಲೆ ಎನ್ನಲಿಲ್ಲ. "ಕರಣಿ ಕೆಳಗಿಡೂಕಿಂತ ಮೊದಲ, ಮುಂಬೈದಾಗಿನ ಬ್ರಿಟಿಷರ ಕಾಲದ ಕಟ್ಟಡ ಒಮ್ಮೆ ತೋರಸಪಾ," ಎಂದಷ್ಟೇ ಕೇಳಿದ. ನಮ್ಮ ಜಿಲ್ಲೆ ಒಂದು ಕಾಲಕ್ಕೆ ಮುಂಬೈ ಪ್ರಾಂತ್ಯದ್ದು; ಆ ರಾಜಧಾನಿಯನ್ನು ನಾವಿಬ್ಬರೂ ಕಂಡಿರಲಿಲ್ಲ.

ಮುಂಬೈಗೆ ಹೋದ ಮೊದಲ ದಿನ ಗುಡ್ಡದ ಮೇಲಿನ ಹಳೆಯ ಬಂಗಲೆಗಳನ್ನು ಗೇಟಿನಿಂದಲೇ ನೋಡಿದೆವು. ನಾನು ಜಾಗದ ಬೆಲೆ ಅಂದಾಜು ಹಾಕುತ್ತಿದ್ದೆ. ಕಾಕಾ ಕಂಬದ ಅಂಚು ನೋಡುತ್ತಿದ್ದ. "ಇಷ್ಟ ವರ್ಷಾದರೂ ಚಾಕು ಇದ್ದಂಗ ಐತಿ ನೋಡು!"

ಇಂಥ ಕಟ್ಟಡ ನೋಡಲು ಹೋಗುವವರಿಗೆ ನನ್ನದೊಂದು ಸಲಹೆ: ಮುಂಬಾಗಿಲಲ್ಲಿ ಫೋಟೋ ತೆಗೆಸಿಕೊಂಡು ತಿರುಗಬೇಡಿ, ಹಿಂದಕ್ಕೆ ಹೋಗಿ. ಮರುದಿನ ನಾವು ಹಾಗೇ ಮಾಡಿದೆವು. ಕಮಾನುಗಳ ಸಾಲೇ ಇದ್ದ ಒಂದು ಸರ್ಕಾರಿ ಕಟ್ಟಡದ ಹಿತ್ತಿಲಿನಲ್ಲಿ ಬಿದಿರು ಕಟ್ಟಿ ರಿಪೇರಿ ನಡೆಸಿದ್ದರು. ಬುಟ್ಟಿಯಲ್ಲಿ ಹಸಿ ಗಚ್ಚು ಇತ್ತು. ನಾನು ಹಿಡಿಯುವಷ್ಟರಲ್ಲಿ ಕಾಕಾ ಚಿಟಿಕೆಯಷ್ಟು ತೆಗೆದು, ಬೆರಳಲ್ಲಿ ತಿಕ್ಕಿ, ನಾಲಿಗೆಯ ತುದಿಗೆ ಮುಟ್ಟಿಸಿದ. ಅವನ ಕಸುಬಿನ ಪರೀಕ್ಷೆಯೇ ಅದು. ಕಾವಲಿನವನು ಓಡಿಬಂದು ರಟ್ಟೆ ಹಿಡಿದು, ಏನು ತಿನ್ನುತ್ತೀ ಎಂದು ಹಿಂದಿಯಲ್ಲಿ ಗದರಿದ.

"ಏ ಬುಡ್ಢೇ, ಕ್ಯಾ ಖಾತಾ ಹೈ?"

"ವಯಸ್ಸಾದವರು, ಬಿಡ್ರಿ," ಎಂದು ನಾನು ಕೈಮುಗಿದೆ. ಕಾಕಾ ಉಗುಳಿ, ಗಡಿಭಾಗದ ತನ್ನ ಮರಾಠಿಯಲ್ಲಿ ಜೋರಾಗಿಯೇ ಹೇಳಿದ: "ಸಪ್ಪಗ ಐತಿ. ಬೆಲ್ಲ ಹಾಕಿಲ್ಲ. ಸುಣ್ಣಾನೂ ನಿನ್ನೆ ಮೊನ್ನೆ ನೆನಸಿದ್ದು. ಮಳಿಗಾಲ ದಾಟಂಗಿಲ್ಲ ಇದು."

ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹುಡುಗಿ ಮೆಟ್ಟಿಲಿಳಿದು ಬಂದಳು. ಬೈಯುತ್ತಾಳೆಂದುಕೊಂಡೆ. "ಎರಡು ಸಲ ಉದುರಿದೆ, ಅಜ್ಜಾ. ನೀವು ಏನೇನು ಹಾಕುತ್ತೀರಿ?" ಎಂದು ಮರಾಠಿಯಲ್ಲೇ ಕೇಳಿದಳು.

"ಬೆಲ್ಲದ ನೀರು, ಅಳಲೆಕಾಯಿ. ಮತ್ತ ಪುರಸೊತ್ತು."

"ಅದೊಂದು ಮಾತ್ರ ಇಲ್ಲಿ ಸಿಗುವುದಿಲ್ಲ."

"ನನ್ನ ಹತ್ರ ರಗಡ ಐತಿ," ಎಂದ ಕಾಕಾ.

ಅವಳು ನಕ್ಕು, ಒಂದು ಕಮಾನು ತೋರಿಸಿದಳು. ಇದೊಂದನ್ನು ಮಾಡಿಕೊಡಿ, ಇದು ಮಳೆಗಾಲ ತಡೆದರೆ ಉಳಿದವುಗಳ ಮಾತು ಎಂದಳು.

"ಪುಕಟ ಮಾಡತೇನ್ರಿ ಬಾಯಾರ!"

ನಾನು ಅವನ ಪಾದ ತುಳಿದೆ. ಕೆಲಸದ ಮೇಲೆ ಜೀವ ಇಟ್ಟುಕೊಂಡವನನ್ನು ಚೌಕಾಸಿಗೆ ಕೂರಿಸಬಾರದು, ಇದನ್ನು ನೆನಪಿಡಿ. ಪಗಾರ ಉಸ್ತಾದ ಮೇಸ್ತ್ರಿಗೆ ಕೊಡುವಷ್ಟಿರಬೇಕು, ಗಚ್ಚು ಕಾಕಾನೇ ಕಲಸಬೇಕು, ಯಾರೂ ಅವಸರ ಮಾಡಬಾರದು, ಬೆಲ್ಲ ನಮ್ಮ ಕಡೆಯದೇ ಆಗಬೇಕು ಎಂದೆ. ಎಲ್ಲಕ್ಕೂ ಹೂಂ ಎಂದಳು. ಇನ್ನೂ ಒಂದಿಷ್ಟು ಕೇಳಬೇಕಿತ್ತು ಎನಿಸಿದ್ದು ಸುಳ್ಳಲ್ಲ.

ಕಾಕಾ ಅಲ್ಲೇ ಉಳಿದ; ನಾನೊಬ್ಬನೇ ಊರಿಗೆ ಹೊರಟೆ. ಗೋದಾಮಿನವರಿಗೆ ಬೇರೆಯವರನ್ನು ಹುಡುಕಿಕೊಳ್ಳಿ ಎಂದು ರೈಲಿನಿಂದಲೇ ಫೋನ್ ಮಾಡಿದೆ. ಅವನಿಗೆ ಸಿಮೆಂಟು ಕಲಿ ಎಂದು ಇಷ್ಟು ವರ್ಷ ಬೋಧಿಸಿದ ನಾನು ಉಳಿದ ದಾರಿಯುದ್ದಕ್ಕೂ ಬೆಲ್ಲದ ಲೆಕ್ಕ ಹಾಕಿದೆ.

ಊರಿಗೆ ಬಂದವನೇ ತುಕ್ಕಾನಟ್ಟಿಯಲ್ಲಿ ಬೆಲ್ಲ ಕಾಯಿಸುವ ಗಾಣಕ್ಕೆ ಹೋಗಿ, ಹಳೆಯ ಕರಿ ಬೆಲ್ಲ ಕೇಳಿದೆ.

"ಎಮ್ಮಿಗೇನ್ರಿ ಸಾವ್ಕಾರ್ರ?" ಎಂದ ಗಾಣದವನು.

"ಗ್ವಾಡಿಗೆ."

ಗೋಡೆ ಯಾವಾಗಿನಿಂದ ಬೆಲ್ಲ ತಿನ್ನುತ್ತದೆ ಎಂದು ಅವನು ನಕ್ಕ. ಇನ್ನೆರಡು ಪೆಂಟಿ ಬೆಲ್ಲ ಹೆಚ್ಚಿಗೇ ಕಟ್ಟಿಸಿದೆ. ಮುಂಬೈಯ ಆ ಕಟ್ಟಡದಲ್ಲಿ ಕಮಾನುಗಳು ಇನ್ನೂ ಬಹಳ ಇವೆ.